ಕೆಎ ನಂಬರಿನ ಕಾರೂ ಖಳನಾಯಕನ ಸೂಟ್‌ಕೇಸೂ

ಚಾಲುಕ್ಯರ ಕಾಲದ ಸಿನಿಮಾ ತೆಗೆಯುವವನು ಪುಣ್ಯವಂತ. ಇಮ್ಮಡಿ ಪುಲಿಕೇಶಿಯ ಚಪ್ಪಲಿಗೆ ಎಷ್ಟು ಪಟ್ಟಿ ಇದ್ದವು ಎಂದು ತಗಾದೆ ತೆಗೆಯಲು ಯಾರೂ ಉಳಿದಿಲ್ಲ. ಅವನ ಆಸ್ಥಾನದಲ್ಲಿ ಮೆಣಸಿನಕಾಯಿ ಬಜ್ಜಿ ಹಂಚಿದರೂ, ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಜೊತೆಗೆ ಎಂದು ಇತಿಹಾಸದ ಮೇಷ್ಟರೊಬ್ಬರು ಗೊಣಗಿಯಾರು, ಅಷ್ಟೆ. ಆದರೆ 1982ರ ಕಥೆಗೆ ಕೈ ಹಾಕಿ ನೋಡಿ. ಸಾಕ್ಷಿದಾರರೆಲ್ಲ ಟಿಕೆಟ್ ಕೊಂಡು ಚಿತ್ರಮಂದಿರದೊಳಗೇ ಕೂತಿರುತ್ತಾರೆ.

ಅವರಲ್ಲಿ ನಾನೂ ಒಬ್ಬ. ತೆರೆಯ ಮೇಲೆ ಇಸವಿ ಮೂಡಿದ ಕೂಡಲೇ ನನ್ನ ಕಣ್ಣು ನಾಯಕಿಯನ್ನು ಬಿಟ್ಟು ಕಾರಿನ ನಂಬರ್ ಪ್ಲೇಟಿಗೆ ಹೋಗುತ್ತದೆ. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ ‘ಕೆಎ’ ಎಂದಿದ್ದರೆ ಆಯಿತು, ಆ ಸಿನಿಮಾದ ಕಥೆ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಆಗಿನ ಖಾಸಗಿ ಕಾರುಗಳಿಗೆ ಕಪ್ಪು ಹಲಗೆ, ಬಿಳಿ ಅಕ್ಷರ. ನಂಬರು ಶುರುವಾಗುತ್ತಿದ್ದದ್ದು ಎಂವೈ ಎಂದೋ ಸಿಎ ಎಂದೋ. ಕೆಎ ಬಂದದ್ದು ಎಂಬತ್ತರ ದಶಕ ಮುಗಿಯುವ ಹೊತ್ತಿಗೆ. ತೆರೆಯ ಮೇಲೆ ನಾಯಕಿ ಬಿಕ್ಕಿ ಬಿಕ್ಕಿ ಅಳುತ್ತಿರುವಾಗ ನಾನು ಪಕ್ಕದವರಿಗೆ ಇದನ್ನು ವಿವರಿಸುತ್ತಿರುತ್ತೇನೆ. ಮನೆಯವರು ನನ್ನ ಜೊತೆ ಇಂಥ ಸಿನಿಮಾಗಳಿಗೆ ಬರುವುದನ್ನು ಬಿಟ್ಟು ಬಹಳ ದಿನವಾಯಿತು.

ಕಾರು ಹೋಗಲಿ, ಖಳನಾಯಕನ ಸೂಟ್‌ಕೇಸಿಗೆ ಬರೋಣ. ಮುಚ್ಚಳ ತೆರೆದರೆ ಒಳಗೆ ಐನೂರರ ನೋಟಿನ ಕಂತೆಗಳು ಸಾಲಾಗಿ ಮಲಗಿರುತ್ತವೆ. ‘ಐವತ್ತು ಲಕ್ಷ ಇದೆ, ಎಣಿಸಿಕೋ’ ಎನ್ನುತ್ತಾನೆ ಪುಣ್ಯಾತ್ಮ. ಎಣಿಸುವುದೇನು ಬಂತು! ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳನ್ನು ಮೊರಾರ್ಜಿ ದೇಸಾಯಿಯವರ ಸರ್ಕಾರ 1978ರ ಜನವರಿಯಲ್ಲೇ ರದ್ದು ಮಾಡಿತ್ತು. ಐನೂರರ ನೋಟು ಬಂದದ್ದು 1987ರಲ್ಲಿ. ನಡುವಿನ ಅಷ್ಟೂ ವರ್ಷ ಈ ದೇಶದಲ್ಲಿ ನೂರು ರೂಪಾಯಿಯೇ ದೊಡ್ಡ ನೋಟು. ಐವತ್ತು ಲಕ್ಷ ಎಂದರೆ ನೂರರ ಐವತ್ತು ಸಾವಿರ ನೋಟು, ಐನೂರು ಕಂತೆ. ನೋಟೊಂದಕ್ಕೆ ಒಂದು ಗ್ರಾಂ ಎಂದು ಹಿಡಿದರೂ ಒಂದು ಮೂಟೆ ಸಿಮೆಂಟಿನಷ್ಟು ತೂಕ. ನಾಯಕ ಅದನ್ನು ಒಂದೇ ಕೈಯಲ್ಲಿ ಹಿಡಿದು, ಕಾಂಪೌಂಡು ಹಾರಿ, ಹೊರಡುತ್ತಿರುವ ರೈಲನ್ನು ಹತ್ತುತ್ತಾನೆ. ಅವನ ಹೊಟ್ಟೆಯ ಮೇಲಿನ ಆರು ಗಂಟುಗಳು ಆ ಕಾಲದ್ದಲ್ಲ ಎಂದು ದೂರುವುದಕ್ಕಿದ್ದೆ. ಈ ಭಾರ ನೋಡಿದ ಮೇಲೆ ಅವು ಇರಲಿ ಅನ್ನಿಸುತ್ತದೆ.

ಊರನ್ನು ತೋರಿಸುವುದು ಇನ್ನೂ ಕಷ್ಟ. ವಿಧಾನಸೌಧ 1956ರಿಂದ ಅಲ್ಲೇ ಇದೆ, ಅದೊಂದು ಧೈರ್ಯ. ಆದರೆ ಕ್ಯಾಮೆರಾ ಸ್ವಲ್ಪ ಆಚೆ ಸರಿದರೆ ಅದರದೇ ಅಚ್ಚಿನ ವಿಕಾಸಸೌಧ ಇಣುಕುತ್ತದೆ, ಅದು 2005ರದು. ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ಕಂಬಗಳನ್ನಂತೂ ಯಾವ ಮರದ ಕೊಂಬೆಯೂ ಮರೆಮಾಡಲಾರದು. ಹಾಡಿನ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ. ‘ಭಾಗ್ ಮಿಲ್ಖಾ ಭಾಗ್’ ಚಿತ್ರದಲ್ಲಿ ಐವತ್ತರ ದಶಕದ ಮಿಲ್ಖಾ ಸಿಂಗ್ ಹಾಡುವುದು 1962ರ ಚಿತ್ರವೊಂದರ ‘ನನ್ಹಾ ಮುನ್ನಾ ರಾಹೀ ಹೂಂ’. ಓಟಗಾರ ಹಾಡಿಗಿಂತ ಮುಂದೆ ಓಡಿದ್ದಾನೆ ಎಂದು ಬಿಟ್ಟುಬಿಡಬಹುದು.

ಇವೆಲ್ಲ ಬಾಯಾರೆ ಬೈದು ಮರೆಯುವ ತಪ್ಪುಗಳು. ನನಗೆ ನಿಜಕ್ಕೂ ಕಸಿವಿಸಿಯಾಗುವುದು ಎಲ್ಲವೂ ಸರಿಯಾಗಿರುವ ಸಿನಿಮಾ ನೋಡಿದಾಗ. ಕಲಾ ನಿರ್ದೇಶಕರು ಹುಡುಕಿ ಹುಡುಕಿ 1985ರ ಟಿವಿ, 1985ರ ಮಿಕ್ಸಿ, 1985ರ ಸ್ಕೂಟರು ತಂದು ಒಂದೇ ಮನೆಯಲ್ಲಿ ತುಂಬಿರುತ್ತಾರೆ. ಸಂಗ್ರಹಕಾರರಿಂದ ಬಾಡಿಗೆಗೆ ತಂದದ್ದಾದ್ದರಿಂದ ಒಂದಕ್ಕೂ ಗೀರಿಲ್ಲ. 1985ರ ಮಧ್ಯಮವರ್ಗದ ಮನೆಯಲ್ಲಿ 1985ರ ಸಾಮಾನು ಇದ್ದದ್ದೇ ಕಡಿಮೆ, ಸ್ವಾಮಿ. ತೋಳಿಗೆ ಸುತ್ತಲಿ ಹುರಿ ಬಿಗಿದ ಅಜ್ಜನ ಕುರ್ಚಿ, ಯಾರದೋ ಮದುವೆಯಲ್ಲಿ ಬಂದ ಗಡಿಯಾರ, ಲಕ್ಷ್ಮಿಯ ಚಿತ್ರ ಇದೆಯೆಂದು ಎಸೆಯಲಾಗದೆ ಒಂದೇ ಮೊಳೆಗೆ ಒಂದರ ಮೇಲೊಂದು ತೂಗುಹಾಕಿದ ಹಳೆಯ ಕ್ಯಾಲೆಂಡರುಗಳು. ಈ ಕ್ಯಾಲೆಂಡರಿನ ದಪ್ಪ ತೋರಿಸಿದ ಸಿನಿಮಾ ನಾನು ಕಂಡಿಲ್ಲ.

ಸಾಮಾನಿಗಿಂತ ಹೆಚ್ಚಾಗಿ ತಪ್ಪುವುದು ಕಾಯುವಿಕೆ. 1979ರ ಮುಂಬೈಯಲ್ಲಿರುವ ಮಗ ಫೋನೆತ್ತಿ ತಿರುಗಿಸುತ್ತಾನೆ. ತೀರ್ಥಹಳ್ಳಿಯ ಹಳ್ಳಿಮನೆಯಲ್ಲಿ ತಾಯಿ ‘ಹಲೋ’ ಎನ್ನುತ್ತಾಳೆ. ಎಲ್ಲಿಯ ಫೋನು? ಟ್ರಂಕ್ ಕಾಲ್ ಬುಕ್ ಮಾಡಿ, ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ ಹೇಳಿ, ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು, ಕೊನೆಗೆ ಲೈನು ಸಿಕ್ಕಾಗ ಊರಿಗೆಲ್ಲ ಕೇಳುವಂತೆ ಕಿರುಚಬೇಕಿತ್ತು. ಕ್ಷೇಮಸಮಾಚಾರ ಮುಗಿದು ಮುಖ್ಯ ವಿಷಯ ಬರುವಷ್ಟರಲ್ಲಿ ಆಪರೇಟರು ನಡುವೆ ಬಂದು ಮೂರು ನಿಮಿಷವಾಯಿತು ಎನ್ನುತ್ತಿದ್ದರು. ತಾಯಿಗೆ ಹುಷಾರಿಲ್ಲ ಎಂದು ಮಗನಿಗೆ ತಿಳಿಸಲು ನಿರ್ದೇಶಕರು ಇಷ್ಟೆಲ್ಲ ಒದ್ದಾಡಬೇಕೂ ಇರಲಿಲ್ಲ. ಖಾಕಿ ತೊಟ್ಟ ತಂತಿಯವನೊಬ್ಬನನ್ನು ಬಾಗಿಲಿಗೆ ಕಳಿಸಿದ್ದರೆ, ಹಿನ್ನೆಲೆಯಲ್ಲಿ ಅಳಲು ಕರೆಸಿದ ನಲವತ್ತು ಪಿಟೀಲುಗಳ ಸಂಬಳವಾದರೂ ಉಳಿಯುತ್ತಿತ್ತು.