ಎಂಜಿನ್ ಬಂತು, ಗಿರಾಕಿ ಹೋದ

ಪೂರ್ವ ಜರ್ಮನಿಯಲ್ಲಿ ಕಾರು ಬೇಕಿದ್ದರೆ ಮಗನಿಗೆ ಹದಿನೆಂಟು ತುಂಬಿದ ಕೂಡಲೇ ಅರ್ಜಿ ಹಾಕಿಸುತ್ತಿದ್ದರು. ಟ್ರಬಾಂಟ್ ಎಂಬ ಆ ಕಾರು ಮನೆಗೆ ಬರುವಷ್ಟರಲ್ಲಿ ಹತ್ತು ವರ್ಷ ದಾಟಿ, ಹುಡುಗನ ನೆತ್ತಿಯ ಕೂದಲು ಉದುರಲು ಶುರುವಾಗಿರುತ್ತಿತ್ತು. ಹೊಸ ಕಾರಿಗಿಂತ ಸೆಕೆಂಡ್ ಹ್ಯಾಂಡ್ ಕಾರಿಗೆ ರೇಟು ಜಾಸ್ತಿ. ಅದು ಕಣ್ಣೆದುರಿಗೇ ನಿಂತಿರುತ್ತಿತ್ತಲ್ಲ!

ಈ ಕಾರಿನ ಎಂಜಿನ್ ತಯಾರಾಗುತ್ತಿದ್ದದ್ದು ಕಾರ್ಲ್ ಮಾರ್ಕ್ಸ್ ಸ್ಟಾಟ್ ಎಂಬ ಊರಿನ ಬಾರ್ಕಾಸ್ ಕಾರ್ಖಾನೆಯಲ್ಲಿ. ಊರಿನ ಹಳೇ ಹೆಸರು ಕೆಮ್ನಿಟ್ಸ್. 1953ರಲ್ಲಿ ಸರ್ಕಾರ ಹೊಸ ನಾಮಕರಣ ಮಾಡಿತು. ಊರಿಗೆ ಹೊಸ ಹೆಸರು ಕೊಟ್ಟಷ್ಟು ಸಲೀಸಾಗಿ ಕಾರಿಗೆ ಹೊಸ ಎಂಜಿನ್ ಕೊಡಲು ಆಗಲಿಲ್ಲ, ಅಷ್ಟೇ.

ಬಾನೆಟ್ ಎತ್ತಿದರೆ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. 600 ಸಿಸಿ, 26 ಹಾರ್ಸ್‌ಪವರ್. ಪೆಟ್ರೋಲ್ ಟ್ಯಾಂಕೂ ಅದರ ಪಕ್ಕದಲ್ಲೇ, ಸ್ವಲ್ಪ ಎತ್ತರದಲ್ಲಿ. ಪಂಪ್ ಇಲ್ಲ, ಪೆಟ್ರೋಲ್ ತಾನಾಗಿ ಇಳಿದು ಬರಬೇಕು. ಎಷ್ಟು ಉಳಿದಿದೆ ಅಂತ ತಿಳಿಯಲು ಟ್ಯಾಂಕಿನೊಳಗೆ ಕಡ್ಡಿ ಅದ್ದಿ ನೋಡಬೇಕು. 50 ಲೀಟರಿಗೆ 1 ಲೀಟರ್ ಲೆಕ್ಕದಲ್ಲಿ ಆಯಿಲ್ ಬೆರೆಸಬೇಕು. ಯೆಜ್ಡಿ ಓಡಿಸಿದ ನಮ್ಮವರಿಗೆ ಆ ನೀಲಿ ಹೊಗೆಯ ಪರಿಚಯ ಹೇಳಬೇಕಾಗಿಲ್ಲ.

ಎಂಜಿನಿಯರುಗಳು ಕೈಕಟ್ಟಿ ಕೂತಿರಲಿಲ್ಲ, ಪಾಪ. ಅರವತ್ತರ ದಶಕದಲ್ಲೇ ಪಿ603 ಎಂಬ ಹೊಸ ಮಾದರಿ ಕಟ್ಟಿದ್ದರು. 1968ರಲ್ಲಿ ದೇಶ ಆಳುತ್ತಿದ್ದ ಕಮ್ಯುನಿಸ್ಟ್ ಪಾರ್ಟಿ ಅದನ್ನು ನಿಲ್ಲಿಸಿತು. ಗಿರಾಕಿಗಳು ಹತ್ತು ವರ್ಷ ಸಾಲಲ್ಲಿ ನಿಂತಿರುವಾಗ ಹೊಸ ಮಾಡೆಲ್ ಯಾಕೆ, ಅಲ್ವಾ?

ಕೊನೆಗೆ 1984ರಲ್ಲಿ ಜ್ಞಾನೋದಯವಾಯಿತು. ಬರ್ಲಿನ್ ಗೋಡೆಯ ಆಚೆಗಿನ, ಅಂದರೆ ಪಶ್ಚಿಮ ಜರ್ಮನಿಯ ಫೋಕ್ಸ್‌ವ್ಯಾಗನ್ ಜೊತೆ ಒಪ್ಪಂದ. ಅವರು ಯಂತ್ರಗಳನ್ನು ಕೊಡುವುದು, ಇವರು ಎಂಜಿನ್ ಮಾಡಿ ಕಳಿಸಿ ಸಾಲ ತೀರಿಸುವುದು. ಬಂಡವಾಳಶಾಹಿ ಕಂಪನಿಯ ಕಾರಿಗೆ ಮಾರ್ಕ್ಸ್ ಹೆಸರಿನ ಊರಿನಿಂದ ಎಂಜಿನ್! ಊರಿನ ನಡುವೆ ಮಾರ್ಕ್ಸ್‌ನ 7 ಮೀಟರ್ ಎತ್ತರದ ಕಂಚಿನ ತಲೆ ಇದೆ. ಭುಜ, ಕೈಕಾಲು ಏನೂ ಇಲ್ಲ, ತಲೆ ಮಾತ್ರ. ಹೀಗಾಗಿ ತಲೆ ಚಚ್ಚಿಕೊಳ್ಳಲು ಅವನಿಗೆ ಕೈಯೂ ಇರಲಿಲ್ಲ.

1988ರಲ್ಲಿ ಫೋರ್ ಸ್ಟ್ರೋಕ್ ಎಂಜಿನ್ ಹೊರಬಂತು. ಮೊದಲು ಅದನ್ನು ಪೂರ್ವ ಜರ್ಮನಿಯದೇ ಇನ್ನೊಂದು ಕಾರಾದ ವಾರ್ಟ್‌ಬುರ್ಗ್‌ಗೆ ಹಾಕಿದರು. ಟ್ರಬಾಂಟಿನ ಸರದಿ ಬರುವಷ್ಟರಲ್ಲಿ 1989ರ ನವೆಂಬರ್ 9 ಬಂತು, ಬರ್ಲಿನ್ ಗೋಡೆ ಹೋಯಿತು. ಅದೇ ಹಳೇ ಕಾರುಗಳು ಅದೇ ಹೊಗೆ ಬಿಡುತ್ತ ಗಡಿ ದಾಟಿದವು.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, 1990ರ ಮೇ ತಿಂಗಳಲ್ಲಿ ಟ್ರಬಾಂಟ್ 1.1 ಬಂತು. ಒಳಗೆ ಫೋಕ್ಸ್‌ವ್ಯಾಗನ್ ಪೋಲೋ ಕಾರಿನ 40 ಹಾರ್ಸ್‌ಪವರ್ ಎಂಜಿನ್, ಹೊರಗೆ ಹೆಚ್ಚುಕಮ್ಮಿ 1964ರ ಮಾಡೆಲಿನದೇ ಮುಖ. ಅಜ್ಜನಿಗೆ ಜೀನ್ಸ್ ತೊಡಿಸಿದ ಹಾಗೆ. ಜುಲೈ 1ಕ್ಕೆ ಪಶ್ಚಿಮ ಜರ್ಮನಿಯ ಹಣ ಮಾರ್ಕ್ ಪೂರ್ವದ ಜನರ ಕೈಗೆ ಬಂತು. ಅದನ್ನು ಹಿಡಿದು ಅವರು ಸೀದಾ ಪಶ್ಚಿಮದ ಸೆಕೆಂಡ್ ಹ್ಯಾಂಡ್ ಕಾರುಗಳ ಹತ್ತಿರ ಹೋದರು. ಇತ್ತ ಹೊಸ ಟ್ರಬಾಂಟಿಗೆ ಸಾಲೂ ಇಲ್ಲ, ಅರ್ಜಿಯೂ ಇಲ್ಲ. ಸುಮಾರು 39 ಸಾವಿರ ಕಾರು ಮಾಡಿ, 1991ರ ಏಪ್ರಿಲ್ 30ರಂದು ಬಾಗಿಲು ಎಳೆದರು.

ಊರಿಗೆ 1990ರ ಜೂನ್‌ನಲ್ಲೇ ಕೆಮ್ನಿಟ್ಸ್ ಎಂಬ ಹೆಸರು ವಾಪಸ್ ಸಿಕ್ಕಿತ್ತು. ಈಗ ಅಲ್ಲಿ ಎಂಜಿನ್ ಮಾಡುವುದು ಫೋಕ್ಸ್‌ವ್ಯಾಗನ್. ಕಂಚಿನ ತಲೆ ಮಾತ್ರ ಅಲ್ಲೇ ಇದೆ, ಕಣ್ಣು ಮಿಟುಕಿಸದೆ ನೋಡುತ್ತಿದೆ.