‘/ಟೆಂಪ್’ ತಾನಾಗಿ ಖಾಲಿಯಾಗಬೇಕೇ?

ಪರ

ಲಿನಕ್ಸ್‌ನ ‘/ಟೆಂಪ್’ (/tmp), ಅಂದರೆ ತಾತ್ಕಾಲಿಕ ಫೈಲ್‌ಗಳನ್ನಿಡುವ ಡೈರೆಕ್ಟರಿ, ಎಲ್ಲರಿಗೂ ಸೇರಿದ ಜಗಲಿ. ಯಾರು ಬೇಕಾದರೂ ಏನನ್ನಾದರೂ ತಂದಿಡಬಹುದು. ಆದರೆ ಒಬ್ಬರು ಇಟ್ಟದ್ದನ್ನು ಇನ್ನೊಬ್ಬ ಸಾಮಾನ್ಯ ಬಳಕೆದಾರ ಅಳಿಸಲಾರ. ಈ ಡೈರೆಕ್ಟರಿಗೆ ಕೊಟ್ಟಿರುವ 1777 ಎಂಬ ಅನುಮತಿ ಸಂಖ್ಯೆಯ ಮೊದಲ ಅಂಕಿ ಇರುವುದೇ ಆ ಕಾವಲಿಗೆ. ಹೀಗಾಗಿ ತಂದಿಡುವವರು ನೂರು ಮಂದಿ, ಎತ್ತುವವರು ಯಾರೂ ಇಲ್ಲ. ವಿಡಿಯೊ ಪರಿವರ್ತಿಸುವ ತಂತ್ರಾಂಶ ಅರ್ಧದಲ್ಲಿ ಕುಸಿದರೆ ಅದರ ಚೂರುಗಳು ಅಲ್ಲೇ ಬಿದ್ದಿರುತ್ತವೆ. ತಿಂಗಳುಗಟ್ಟಲೆ ರೀಬೂಟ್ ಕಾಣದ ಸರ್ವರ್‌ನಲ್ಲಿ ಈ ಚೂರುಗಳು ಡಿಸ್ಕ್ ತುಂಬಿಸಿ, ಡೇಟಾಬೇಸ್ ಬರೆಯಲಾಗದೆ ನಿಂತಾಗಲೇ ಯಾರಾದರೂ ಅತ್ತ ತಿರುಗಿ ನೋಡುವುದು.

ಗುಡಿಸುವವನು ಕುರುಡನೂ ಅಲ್ಲ. ಈ ಕೆಲಸ ಮಾಡುವುದು ಯಂತ್ರವನ್ನು ಶುರುಮಾಡಿ ಅದರ ಸೇವೆಗಳನ್ನು ನಡೆಸುವ ‘ಸಿಸ್ಟಮ್‌ಡಿ’. ಅದರ ಮೂಲ ನಿಯಮದಲ್ಲಿ ‘/ಟೆಂಪ್’ಗೆ 10 ದಿನ, ಇನ್ನೂ ಸ್ವಲ್ಪ ಕಾಲ ಉಳಿಯಬೇಕಾದ ತಾತ್ಕಾಲಿಕ ಫೈಲ್‌ಗಳ ‘/ವಾರ್/ಟೆಂಪ್’ಗೆ 30 ದಿನ. ಯಂತ್ರ ಶುರುವಾಗಿ 15 ನಿಮಿಷ ಕಳೆದಾಗ ಮೊದಲ ಸಲ, ಆಮೇಲೆ ದಿನಕ್ಕೊಮ್ಮೆ ಬರುತ್ತಾನೆ. ಫೈಲನ್ನು ಕೊನೆಯ ಸಲ ಓದಿದ್ದು, ತಿದ್ದಿದ್ದು, ಅದರ ಹೆಸರು ಅಥವಾ ಅನುಮತಿ ಬದಲಾದದ್ದು, ಈ ಮೂರೂ ಗಡುವು ದಾಟಿದ್ದರೆ ಮಾತ್ರ ಕೈಹಾಕುತ್ತಾನೆ. ಇಲ್ಲಿಟ್ಟದ್ದು ಮುಂದಿನ ಸಲಕ್ಕೂ ಉಳಿದಿರುತ್ತದೆಂದು ಪ್ರೋಗ್ರಾಮ್‌ಗಳು ನಂಬಬಾರದು ಎಂದು ಲಿನಕ್ಸ್ ಡೈರೆಕ್ಟರಿಗಳ ಮಾನದಂಡವೇ ಹೇಳುತ್ತದೆ.

ಹೊಸಬರಿಗೆ ತೊಂದರೆ ಎನ್ನುವುದಾದರೆ, ಅಳಿಸದೆ ಬಿಡುವುದೇ ಅವರಿಗೆ ಮಾಡುವ ಮೋಸ. ಆರು ತಿಂಗಳು ಉಳಿದ ಫೈಲ್ ಏಳನೆಯ ತಿಂಗಳೂ ಇರುತ್ತದೆ ಎಂದು ನಂಬಿಸಿಬಿಡುತ್ತದೆ. ಹತ್ತೇ ದಿನಕ್ಕೆ ಹೋದರೆ ಪಾಠ ಅಗ್ಗಕ್ಕೆ ಸಿಗುತ್ತದೆ.

ವಿರೋಧ

ಅಗ್ಗ ಎನ್ನುವವರು ಕಳೆದುಕೊಂಡವರ ಪಕ್ಕದಲ್ಲಿ ಒಮ್ಮೆ ಕುಳಿತು ನೋಡಬೇಕು.

ಮೇಲ್‌ನೊಂದಿಗೆ ಬಂದ ದಾಖಲೆಯೊಂದನ್ನು ಹೊಸಬಳೊಬ್ಬಳು ಕ್ಲಿಕ್ ಮಾಡಿ ತೆರೆಯುತ್ತಾಳೆ. ಮೇಲ್ ತಂತ್ರಾಂಶ ಅದನ್ನು ‘/ಟೆಂಪ್’ಗೆ ಇಳಿಸಿ ತೆರೆದದ್ದು ಅವಳಿಗೆ ಗೊತ್ತಿಲ್ಲ. ಮೂರು ಗಂಟೆ ತಿದ್ದಿ ‘ಉಳಿಸು’ ಒತ್ತುತ್ತಾಳೆ. ಗುಂಡಿ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಕಿಟಕಿಯ ತಲೆಯ ಮೇಲೆ ಫೈಲಿನ ಹೆಸರಿದೆ, ಅದು ಎಲ್ಲಿದೆ ಎಂಬುದಿಲ್ಲ. ಎರಡು ವಾರ ಕಳೆದು ನೋಡಿದರೆ ಇತ್ತೀಚಿನ ಫೈಲ್‌ಗಳ ಪಟ್ಟಿಯಲ್ಲಿ ಹೆಸರು ಹಾಗೆಯೇ ಕಾಣುತ್ತದೆ, ಒತ್ತಿದರೆ ಫೈಲ್ ಇಲ್ಲ. ಕಸದ ಬುಟ್ಟಿಯಲ್ಲಿ ಹುಡುಕುತ್ತಾಳೆ. ಈ ಗುಡಿಸುವವನು ಬುಟ್ಟಿಗೆ ಹಾಕುವುದೇ ಇಲ್ಲ. ‘/ಟೆಂಪ್’ ರ‍್ಯಾಮ್‌ನಲ್ಲಿದ್ದರಂತೂ ಹತ್ತು ದಿನದ ಕರುಣೆಯೂ ಇಲ್ಲ. ರಾತ್ರಿ ಯಂತ್ರ ಆರಿಸಿದಾಗಲೇ ಕಥೆ ಮುಗಿದಿರುತ್ತದೆ.

ನಿಯಮ ಎಲ್ಲೆಡೆ ಒಂದೇ ಆಗಿದ್ದರೆ ಕಲಿತುಕೊಳ್ಳಬಹುದಿತ್ತು. ಲಿನಕ್ಸ್ ಹಲವು ರೂಪಗಳಲ್ಲಿ ಸಿಗುತ್ತದೆ. ಅವುಗಳಲ್ಲೊಂದಾದ ಫೆಡೋರಾ 2013ರಲ್ಲೇ ‘/ಟೆಂಪ್’ ಅನ್ನು ರ‍್ಯಾಮ್‌ಗೆ ಎತ್ತಿತು. ಇನ್ನೊಂದಾದ ಡೆಬಿಯನ್ ಆ ಹೆಜ್ಜೆ ಇಟ್ಟದ್ದು 2025ರ ಆಗಸ್ಟ್‌ನಲ್ಲಿ, 13ನೆಯ ಆವೃತ್ತಿಯಲ್ಲಿ. ಅದರಲ್ಲೂ ದಿನ ಎಣಿಸಿ ಅಳಿಸುವುದು ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ. ಹಳೆಯದರಿಂದ ಮೇಲೇರಿಸಿದವು ಹಳೆಯ ನಡತೆಯಲ್ಲೇ ಮುಂದುವರಿಯುತ್ತವೆ. ಒಂದೇ ಆವೃತ್ತಿ, ಅಕ್ಕಪಕ್ಕದ ಎರಡು ಯಂತ್ರ, ಎರಡು ಸ್ವಭಾವ. ಇನ್ನು ರ‍್ಯಾಮ್‌ನಲ್ಲಿರುವ ‘/ಟೆಂಪ್’ಗೆ ಸಾಮಾನ್ಯವಾಗಿ ಸಿಗುವುದು ಒಟ್ಟು ರ‍್ಯಾಮ್‌ನ ಅರ್ಧ. 8 ಜಿಬಿ ಯಂತ್ರದಲ್ಲಿ 5 ಜಿಬಿಯ ಫೈಲನ್ನು ಅಲ್ಲಿಗೆ ಇಳಿಸಹೊರಟರೆ, ಡಿಸ್ಕ್‌ನಲ್ಲಿ ನೂರಾರು ಜಿಬಿ ಬಿದ್ದಿದ್ದರೂ ಜಾಗವಿಲ್ಲ ಎಂಬ ಉತ್ತರ ಬರುತ್ತದೆ.

‘ತಾತ್ಕಾಲಿಕ’ ಎಂಬ ಹೆಸರೇ ಸಾಕಷ್ಟು ಎಚ್ಚರಿಕೆ ಎನ್ನುವವರಿಗೆ 2024ರ ಒಂದು ಪ್ರಸಂಗ ನೆನಪಿಸಬೇಕು. ಸಿಸ್ಟಮ್‌ಡಿ 256ರಲ್ಲಿ ಈ ಗುಡಿಸುವ ಕೆಲಸ ಮಾಡುವ ‘ಟೆಂಪ್‌ಫೈಲ್ಸ್’ ಸಾಧನಕ್ಕೆ ‘ಪರ್ಜ್’ ಎಂಬ ಹೊಸ ಆಯ್ಕೆ ಬಂತು. ತಾತ್ಕಾಲಿಕ ಫೈಲ್‌ಗಳಷ್ಟೇ ಹೋಗುತ್ತವೆಂದು ಓಡಿಸಿದರೆ ಬಳಕೆದಾರರ ಸ್ವಂತ ಫೈಲ್‌ಗಳಿರುವ ‘/ಹೋಮ್’ ಕೂಡ ಅಳಿಸಿಹೋಗುತ್ತಿತ್ತು. ಆ ಸಾಧನ ಸೃಷ್ಟಿಸುವ ಡೈರೆಕ್ಟರಿಗಳ ಪಟ್ಟಿಯಲ್ಲಿ ಅದೂ ಇತ್ತು. ಯಾವ ನಿಯಮದ ಫೈಲ್ ಎಂದು ಹೆಸರಿಸದೆ ಅದು ಓಡದಂತೆ 256.1ರಲ್ಲಿ ಬಿಗಿ ಮಾಡಿದರು. ಅಂದರೆ ಹೆಸರು ನೋಡಿ ಮೋಸಹೋಗುವವರು ಹೊಸಬರಷ್ಟೇ ಅಲ್ಲ.

ಯಂತ್ರದ ಹೊಂದಿಕೆಗಳನ್ನಿಡುವ ‘/ಇಟಿಸಿ’ಯಲ್ಲಿ, ಮೂಲ ನಿಯಮದ ಫೈಲಿನ ಹೆಸರಿನಲ್ಲೇ ಇನ್ನೊಂದು ಫೈಲ್ ಬರೆದು ಗಡುವನ್ನು ಬದಲಿಸಿಕೊಳ್ಳಬಹುದು, ನಿಜ. ಆದರೆ ಅಷ್ಟು ಬಲ್ಲವನು ತನ್ನ ದಾಖಲೆಯನ್ನು ‘/ಟೆಂಪ್’ನಲ್ಲಿ ಬಿಡುವವನೇ ಅಲ್ಲ. ಗುಡಿಸಲಿ, ಆದರೆ ಅದಕ್ಕೂ ಮುಂಚೆ, ‘ಉಳಿಸು’ ಒತ್ತಿದ ಗಳಿಗೆಯಲ್ಲೇ ತಡೆಯಬೇಕು. ಮೇಲ್‌ನಿಂದ ಬಂದ ದಾಖಲೆಯನ್ನು ಓದಲಷ್ಟೇ ತೆರೆಯುವ ತಂತ್ರಾಂಶಗಳಿವೆ. ಅಲ್ಲಿ ಅವಳು ‘ಉಳಿಸು’ ಒತ್ತಿದರೆ, ಎಲ್ಲಿ ಇಡಲಿ ಎಂದು ಕೇಳುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ.