ಕೋವಿ ತರಲು ಒಳಗೆ ಹೋದವನಿಗೆ ಬಾಗಿಲು ಹಾಕಿಕೊಳ್ಳಲು ಬರುತ್ತಿರಲಿಲ್ಲವೇ?

ನಿನ್ನೆ ರಾತ್ರಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ವಿಡಿಯೋ ಹಾಕಿದರು. ಎಲ್ಲಿಯದು ಅಂತ ಹಾಕಿದವರಿಗೂ ಗೊತ್ತಿಲ್ಲ. ಒಂದೇ ಅಂಗಳ, ಎರಡು ಮನೆ, ನಡುವೆ ಅರ್ಧಕ್ಕೆ ನಿಂತ ಗೋಡೆ. ಅಣ್ಣತಮ್ಮಂದಿರ ಮಕ್ಕಳು ಜಗಳ ಆಡುತ್ತಿದ್ದಾರೆ. ಒಬ್ಬನ ಕೈಯಲ್ಲಿ ದೊಣ್ಣೆ, ಇನ್ನೊಬ್ಬ ಬರಿಗೈ. ಬರಿಗೈಯವನು ಸರಸರ ತನ್ನ ಮನೆಯೊಳಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಕೋವಿ ಹಿಡಿದು ಹೊರಗೆ ಬರುತ್ತಾನೆ. ಮುಂದಿನದನ್ನು ನಾನು ಬರೆಯುವುದಿಲ್ಲ.

ವಿಡಿಯೋಗಿಂತ ಜಾಸ್ತಿ ನನ್ನನ್ನು ಕೆರಳಿಸಿದ್ದು ಅದರ ಕೆಳಗಿನ ಮಾತುಗಳು. "ಸರಿಯಾಗೇ ಮಾಡಿದ." "ಎದುರಿಗಿದ್ದವನ ಕೈಯಲ್ಲಿ ದೊಣ್ಣೆ ಇತ್ತಲ್ಲ, ಇವನು ಸುಮ್ನೆ ಹೊಡೆಸಿಕೊಳ್ಳಬೇಕಿತ್ತಾ?" "ಆತ್ಮರಕ್ಷಣೆ, ಕೇಸು ನಿಲ್ಲಲ್ಲ." ಕೊನೆಗೆ ಚಿಕ್ಕಪ್ಪ ನನ್ನನ್ನೇ ಕೇಳಿದರು: "ನೀನು ದಿನಾ ಕೋರ್ಟಲ್ಲಿ ಇದನ್ನೇ ನೋಡೋಳಲ್ವಾ, ಹೇಳಮ್ಮ, ಇದು ಬಿಟ್ಟುಹೋಗೋ ಕೇಸೇ ತಾನೆ?"

ಅಲ್ಲ ಚಿಕ್ಕಪ್ಪ. ಗುಂಪಿನಲ್ಲಿ ಎರಡು ಸಾಲು ಬರೆದೆ. ಸಿಟ್ಟು ಇಳಿಯಲಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಅವನು ಒಳಗೆ ಹೋದ. ಇಡೀ ವಿಡಿಯೋದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಅದು. ಒಳಗೆ ಹೋಗಲು ಅವನಿಗೆ ದಾರಿ ಇತ್ತು. ಬಾಗಿಲು ಇತ್ತು, ಚಿಲಕ ಇತ್ತು. ದೊಣ್ಣೆ ಹಿಡಿದವನು ಹಿಂದೆ ಓಡಿ ಬರಲಿಲ್ಲ. ಗೋಡೆಯ ಆಚೆಯೇ ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದ. ಮನೆಯಲ್ಲಿ ಕೋವಿ ಇರುವವರಿಗೆ ಗೊತ್ತು. ಕೋವಿ ಒಂದು ಕಡೆ ಇರುತ್ತದೆ, ತೋಟಾ, ಅಂದರೆ ಅದಕ್ಕೆ ತುಂಬುವ ಗುಂಡು, ಇನ್ನೊಂದು ಕಡೆ. ಇಳಿಸಬೇಕು, ಬೀಗ ತೆಗೆಯಬೇಕು, ತುಂಬಬೇಕು, ಮತ್ತೆ ಮೆಟ್ಟಿಲಿಳಿದು ಅಂಗಳಕ್ಕೆ ಬರಬೇಕು. ಇಷ್ಟೆಲ್ಲ ಮಾಡುವ ಹೊತ್ತಿನಲ್ಲಿ ಅವನ ಜೀವಕ್ಕೆ ಯಾರಿಂದ ಅಪಾಯ ಇತ್ತು?

ನಮ್ಮ ಕಾನೂನು ಈ ವಿಷಯದಲ್ಲಿ ಜಿಪುಣ ಅಲ್ಲ. ಆತ್ಮರಕ್ಷಣೆಯ ಹಕ್ಕು ಹೇಳುವ ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆಯ) 96ರಿಂದ 106ರವರೆಗಿನ ಸೆಕ್ಷನ್‌ಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44 ಆಗಿವೆ. ನಂಬರು ಬದಲಾಗಿದೆ, ತಿರುಳು ಹೆಚ್ಚುಕಡಿಮೆ ಅದೇ. ನಿಮ್ಮ ಜೀವ ಮಾತ್ರ ಅಲ್ಲ, ಪಕ್ಕದವರ ಜೀವ ಉಳಿಸಲೂ ನೀವು ಕೈ ಎತ್ತಬಹುದು. ಸಾವು ಬರುತ್ತದೆ, ಇಲ್ಲವೇ ಭಾರಿ ಗಾಯ ಆಗುತ್ತದೆ ಅನ್ನುವ ಭಯಕ್ಕೆ ಕಾರಣ ಇದ್ದರೆ ಎದುರಿನವನನ್ನು ಕೊಂದರೂ ಅಪರಾಧ ಅಲ್ಲ. ಏಟು ಬೀಳುವ ತನಕ ಕಾಯಬೇಕು ಅಂತಲೂ ಇಲ್ಲ. ಹೇಡಿಯಂತೆ ಓಡಿಹೋಗು ಅಂತ ಯಾವ ಕೋರ್ಟೂ ಹೇಳಿಲ್ಲ. ಆತ್ಮರಕ್ಷಣೆ ಅಂತ ಹೇಳಿಕೊಂಡವನು ಅದನ್ನು ಸಂಶಯಕ್ಕೆ ಎಡೆ ಇಲ್ಲದಂತೆ ಸಾಬೀತು ಮಾಡಬೇಕಾಗಿಯೂ ಇಲ್ಲ. ಹೀಗೆ ನಡೆದಿರುವ ಸಾಧ್ಯತೆಯೇ ಜಾಸ್ತಿ ಅಂತ ಕಂಡರೆ ಸಾಕು. ಅವನು ಬಾಯಿಬಿಟ್ಟು ಕೇಳದಿದ್ದರೂ, ಸಾಕ್ಷ್ಯದಲ್ಲಿ ಅದು ಕಾಣುತ್ತಿದ್ದರೆ ನ್ಯಾಯಾಧೀಶರು ತಾವಾಗಿಯೇ ಅದರ ಲಾಭ ಕೊಡಬಹುದು.

ಇಷ್ಟು ಉದಾರವಾದ ಕಾನೂನು ಮೂರು ಕಡೆ ಗಟ್ಟಿಯಾಗಿ ನಿಲ್ಲುತ್ತದೆ. ಅಪಾಯ ಆ ಕ್ಷಣದ್ದಾಗಿರಬೇಕು. ಪೊಲೀಸರ ಬಳಿಗೋ ಅಧಿಕಾರಿಗಳ ಬಳಿಗೋ ಹೋಗಲು ಸಮಯ ಇದ್ದರೆ ಈ ಹಕ್ಕು ಇಲ್ಲ. ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಒಳಗೆ ಹೋಗಿ ಕೋವಿ ತಂದವನು ಈ ಮೂರೂ ಗೆರೆಗಳನ್ನು ಮೀರಿದ್ದಾನೆ.

ದರ್ಶನ್ ಸಿಂಗ್ ಪ್ರಕರಣ ಅಂತ ಒಂದಿದೆ, ಪಂಜಾಬಿನದು. ಕಾನೂನು ಓದಿದವರೆಲ್ಲ ಅದನ್ನು ಓದಿರುತ್ತಾರೆ. ಹತ್ತಿರದ ಸಂಬಂಧಿಕರ ನಡುವೆ ಜಮೀನು ಪಾಲಿನ ತಕರಾರು, 1991ರಲ್ಲಿ ನಡೆದ ಹೊಡೆದಾಟ. ಎದುರಿನವರು ಗಂಡಾಸದಿಂದ, ಅಂದರೆ ಉದ್ದ ಹಿಡಿಯ ಮಚ್ಚಿನಂಥ ಆಯುಧದಿಂದ, ತಂದೆಗೆ ಹೊಡೆದಾಗ ಮಗ ಲೈಸೆನ್ಸ್ ಇದ್ದ ಬಂದೂಕಿನಿಂದ ಗುಂಡು ಹಾರಿಸಿದ. ಸೆಷನ್ಸ್ ಕೋರ್ಟ್ ಬಿಟ್ಟಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು. 2010ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟಿತು. ಸರಿಯಾದ ತೀರ್ಪು. ತಂದೆಗೆ ಏಟು ಬಿದ್ದಿದೆ, ಮುಂದಿನ ಏಟಿಗೆ ಕೈ ಮೇಲೆದ್ದಿರಬಹುದು. ಆ ಕ್ಷಣದಲ್ಲಿ ಮಗ ತಕ್ಕಡಿ ಹಿಡಿದು ತೂಕ ಮಾಡುತ್ತಾ ಕೂರಲು ಆಗುವುದಿಲ್ಲ. ಇದನ್ನು ಕೋರ್ಟೂ ಒಪ್ಪುತ್ತದೆ, ನಾನೂ ಒಪ್ಪುತ್ತೇನೆ.

ಅದಕ್ಕಿಂತ ಹಳೆಯದು ಜಯದೇವ್ ಪ್ರಕರಣ. 1963ರ ಕಾನೂನು ವರದಿಯಲ್ಲಿ ಸಿಗುತ್ತದೆ. ಅದೂ ಹೊಲದ ಜಗಳವೇ, ಅದರಲ್ಲೂ ಬಂದೂಕು ಇತ್ತು. ತೀರ್ಪು ಬರೆದವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡ್ಕರ್, ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮೊದಲು ಅಪಾಯ ಇದ್ದದ್ದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಅಪಾಯ ತಪ್ಪಿದ ಮೇಲೆ, ಆಗಲೇ ದೂರ ಹೋದವರ ಮೇಲೆ ಗುಂಡು ಹಾರಿಸಿದ್ದನ್ನು ಒಪ್ಪಲಿಲ್ಲ. ಭಯಕ್ಕೆ ಕಾರಣ ಹೋದ ಕೂಡಲೇ ಹಕ್ಕೂ ಹೋಗುತ್ತದೆ ಅಂದರು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿನ್ನೆಯ ವಿಡಿಯೋದವನು ಯಾವುದರ ಹತ್ತಿರ ಇದ್ದಾನೆ?

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಗುಂಪಿನಲ್ಲಿ ಆಗಲೇ ಬಂದಿದೆ. "ನಮ್ಮೂರಿನ ಕಡೆ ಠಾಣೆ ಎಷ್ಟು ದೂರ ಗೊತ್ತಲ್ಲ? ಮಳೆಗಾಲದಲ್ಲಿ ನೆಟ್‌ವರ್ಕೇ ಸಿಗಲ್ಲ. ಪೊಲೀಸರು ಬರೋ ಹೊತ್ತಿಗೆ ಹೆಣ ಬಿದ್ದಿರುತ್ತೆ." ಠಾಣೆ ದೂರ ಇರುವುದು ನಿಜ. ನಾನೂ ಅದೇ ಘಟ್ಟದ ದಾರಿಯಲ್ಲಿ ಬೆಳೆದವಳು. ಆದರೆ ಈ ಮಾತು ಹೇಳುವವರು ಯಾವಾಗಲೂ ಕೊನೆಯ ಐದು ನಿಮಿಷದ ಲೆಕ್ಕ ಮಾತ್ರ ಹೇಳುತ್ತಾರೆ. ದಾಯಾದಿ ಜಗಳ ಐದು ನಿಮಿಷದಲ್ಲಿ ಹುಟ್ಟುತ್ತದಾ? ಅದು ಬೇಲಿಯ ಒಂದು ಗೂಟದಿಂದ ಶುರುವಾಗುತ್ತದೆ. ತೋಟಕ್ಕೆ ಹೋಗುವ ಕಾಲುದಾರಿಗೆ ಮುಳ್ಳು ಹಾಕುವುದು, ಅಬ್ಬಿ ನೀರಿನ ಪೈಪು ಕತ್ತರಿಸುವುದು, ಸೊಪ್ಪಿನಬೆಟ್ಟದಲ್ಲಿ ನಿಮ್ಮ ಪಾಲು ಯಾವುದು ನಮ್ಮ ಪಾಲು ಯಾವುದು ಅನ್ನುವುದು. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು, ಪೋಡಿ ಆಗಿಲ್ಲ (ಪಾಲಿನಂತೆ ಸರ್ವೇ ನಂಬರು ಬೇರೆಯಾಗಿಲ್ಲ), ಪಾಲುಪಟ್ಟಿ ಬಿಳಿ ಹಾಳೆಯ ಮೇಲೆ. ಗಡಿಯ ಮೇಲಿನ ಹಲಸಿನ ಮರ ಯಾರದು ಅಂತ ಪಂಚಾಯಿತಿಕೆ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಊರಿಗೆಲ್ಲ ಗೊತ್ತಿರುತ್ತದೆ, ಈ ಎರಡು ಮನೆಗೂ ಒಂದು ದಿನ ಏನೋ ಆಗುತ್ತದೆ ಅಂತ.

ಅಷ್ಟು ವರ್ಷ ಠಾಣೆ ದೂರ ಇತ್ತಾ? ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತು ಮಾಡಿಸಲು, ಅರ್ಜಿ ಹಾಕಿ ಸರ್ವೇಯರ್‌ನನ್ನು ಕರೆಸಲು ಸಮಯ ಇರಲಿಲ್ಲವಾ? ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಲು ಆಗುತ್ತಿರಲಿಲ್ಲವಾ? ಜಮೀನಿನ ಜಗಳದಿಂದ ಶಾಂತಿ ಕೆಡುವಂತಿದ್ದರೆ ತಹಶೀಲ್ದಾರರು ತಾಲ್ಲೂಕು ದಂಡಾಧಿಕಾರಿಯಾಗಿ ಎರಡೂ ಕಡೆಯವರನ್ನು ಕರೆಸಿ ಆದೇಶ ಮಾಡಬಹುದು. ಹಿಂದೆ ಅದು ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 145ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ) 164. ಗಲಾಟೆ ಮಾಡುವವನಿಂದ ಮುಚ್ಚಳಿಕೆ ಬರೆಸಿಕೊಳ್ಳಲು ಅದರದೇ 126ನೇ ಸೆಕ್ಷನ್ ಇದೆ. ಇದೆಲ್ಲ ನಿಧಾನ, ಓಡಾಟ, ಖರ್ಚು. ಒಪ್ಪುತ್ತೇನೆ. ಆದರೆ ಕೊಲೆ ಕೇಸು ಬೇಗ ಮುಗಿಯುತ್ತದಾ? ದರ್ಶನ್ ಸಿಂಗ್ ಪ್ರಕರಣದ ವರ್ಷಗಳನ್ನು ಇನ್ನೊಮ್ಮೆ ನೋಡಿ. 1991, 2010. ನಿಜವಾಗಿ ತಂದೆಯನ್ನು ಉಳಿಸಲು ಗುಂಡು ಹಾರಿಸಿದವನು ತಲೆ ಎತ್ತಿ ಮನೆಗೆ ಬರಲು ಅಷ್ಟು ಕಾಲ ಬೇಕಾಯಿತು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ. ಇಂಥ ಸುಳ್ಳು ವಾದಗಳಿಂದ ಏಟು ಬೀಳುವುದು ನಿಜವಾಗಿ ಜೀವ ಉಳಿಸಿಕೊಂಡವರಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವರನ್ನು ಕೇಳಿ. ಹೊಡೆದಾಟ ಆದ ಕೂಡಲೇ ಎರಡೂ ಕಡೆಯವರು ಬಂದು ಮಲಗುತ್ತಾರೆ. ತರಚು ಗಾಯಕ್ಕೂ ತಲೆತುಂಬ ಬ್ಯಾಂಡೇಜು. "ಮೊದಲು ವುಂಡ್ ಸರ್ಟಿಫಿಕೇಟ್ ಮಾಡಿಸು, ಆಮೇಲೆ ಕೌಂಟರ್ ಕೇಸು ಹಾಕೋಣ" ಅಂತ ಬುದ್ಧಿ ಹೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಅದಕ್ಕೆ ಒಂದು ಕಾರಣವೂ ಇದೆ. ಆರೋಪಿಯ ಮೈಮೇಲಿನ ಗಂಭೀರ ಗಾಯಕ್ಕೆ ಸರ್ಕಾರದ ಕಡೆಯವರು ವಿವರಣೆ ಕೊಡದಿದ್ದರೆ ಅವರ ಕೇಸೇ ಸಡಿಲವಾಗುತ್ತದೆ. ಬಡಪಾಯಿ ಆರೋಪಿಯನ್ನು ಕಾಪಾಡಲು ಕೋರ್ಟುಗಳು ಮಾಡಿದ ನಿಯಮ ಅದು. ಅದನ್ನೇ ಬ್ಲೇಡಿನಲ್ಲಿ ಕೈ ಗೀರಿಕೊಂಡು ಬಳಸಿಕೊಳ್ಳುತ್ತಾರೆ. ಆಮೇಲೆ ನಿಜವಾಗಿ ಕತ್ತಿಯೇಟು ತಿಂದು, ಕೈಗೆ ಸಿಕ್ಕಿದ್ದರಲ್ಲಿ ತಿರುಗಿ ಹೊಡೆದ ಹೆಂಗಸು ಬಂದು ನಿಂತಾಗ ಎಲ್ಲರೂ ಅವಳನ್ನೂ ಅದೇ ಸಂಶಯದಿಂದ ನೋಡುತ್ತಾರೆ. ಅಂಥವರ ಪರವಾಗಿ ನಿಂತು ಮಾತಾಡಿದ್ದೇನೆ. ಆ ಸಂಶಯದ ಕಣ್ಣುಗಳನ್ನು ನೋಡಿದ್ದೇನೆ. ಅದಕ್ಕೇ ಹೊಟ್ಟೆ ಉರಿಯುತ್ತದೆ.

ಕೋವಿಯ ಗಾಯ ಬ್ಯಾಂಡೇಜಿನಂತೆ ಸುಳ್ಳು ಹೇಳುವುದಿಲ್ಲ. ಹತ್ತಿರದಿಂದ ಹೊಡೆದರೆ ಸುತ್ತ ಸುಟ್ಟ ಗುರುತು, ಮಸಿ ಇರುತ್ತದೆ. ದೂರದಿಂದ ಹೊಡೆದರೆ ಚರೆಗಳು ಹರಡಿಕೊಂಡಿರುತ್ತವೆ. ಈಡು ಬೆನ್ನಿಗೆ ಬಿದ್ದಿದ್ದರೆ, ನನ್ನ ಮೇಲೆ ಏರಿ ಬಂದ ಅಂತ ಹೇಳುವವನ ಮಾತು ನಿಲ್ಲುವುದು ಬಹಳ ಕಷ್ಟ.

ಇವಳು ಕೋವಿ ವಿರೋಧಿ ಅಂತ ಷರಾ ಬರೆಯುವ ಮೊದಲು ಇದನ್ನೂ ಓದಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ಮುಂದುವರಿದಿದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವವರನ್ನು ನಾನು ಗೌರವದಿಂದ ನೋಡುತ್ತೇನೆ. ಮಲೆನಾಡಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಏಕೆ ಬೇಕು ಅಂತ ಮಂಗನ ಕಾಟ ಕಂಡವರಿಗೆ ಹೇಳಬೇಕಾಗಿಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ರೈತರು ಪಡುವ ಪಾಡೂ ಗೊತ್ತು. ನಮ್ಮ ಮನೆಯಲ್ಲೂ ಕೋವಿ ಇತ್ತು.

ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪನಿಗೂ ದೊಡ್ಡಪ್ಪನಿಗೂ ಕಾಲುವೆ ನೀರಿಗೆ ಜಗಳ. ಒಂದು ಸಂಜೆ ದೊಡ್ಡಪ್ಪನ ಮಗ ಕತ್ತಿ ಹಿಡಿದು ಅಂಗಳಕ್ಕೆ ಬಂದ. ಅಪ್ಪ ಒಳಗೆ ಬಂದವರೇ ಕೋವಿಗೆ ಕೈ ಹಾಕಿದರು. ಅಮ್ಮ ಮುಂಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. "ಹೊರಗೆ ಹೋಗೋದಾದ್ರೆ ಮೊದಲು ನನ್ನ ದಾಟಿ ಹೋಗಿ" ಅಂದಳು. ಅಪ್ಪ ಅವಳನ್ನೂ ಬೈದರು. ಅವಳು ಕದಲಲಿಲ್ಲ. ಹೊರಗಿನವನು ಕೂಗಿ ಕೂಗಿ ಸುಸ್ತಾಗಿ ಹೋದ. ಆಮೇಲೆ ಅಪ್ಪ ಆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ನೀರಿನ ತಕರಾರು ವರ್ಷಗಳ ನಂತರ ಬಗೆಹರಿಯಿತು. ಅಪ್ಪ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಆ ಕತ್ತಿ ಹಿಡಿದು ಬಂದವನೂ ಒಬ್ಬ.

ಅಮ್ಮ ಐಪಿಸಿ ಓದಿದವಳಲ್ಲ. ಆದರೆ ಬಾಗಿಲು ಹಾಕಿದ ಮೇಲೆ ಒಳಗಿದ್ದವರಿಗೆ ಅಪಾಯ ಇಲ್ಲ, ಹೊರಗೆ ಹೋದರೆ ಮಾತ್ರ ಇದೆ ಅಂತ ಅವಳಿಗೆ ಗೊತ್ತಿತ್ತು. ಅಪ್ಪ ಆ ದಿನ ಹೊರಗೆ ಹೋಗಿದ್ದರೆ ನಮ್ಮ ಗುಂಪಿನವರು ಅವರನ್ನೂ "ಸರಿಯಾಗೇ ಮಾಡಿದ" ಅನ್ನುತ್ತಿದ್ದರು. ಅಪ್ಪನೋ ದೊಡ್ಡಪ್ಪನ ಮಗನೋ, ಇಬ್ಬರಲ್ಲಿ ಒಬ್ಬರು ಇರುತ್ತಿರಲಿಲ್ಲ. ಇನ್ನೊಬ್ಬರು ಜೈಲಿನಲ್ಲಿ.

ಗುಂಪಿನಲ್ಲಿ ಚಪ್ಪಾಳೆ ತಟ್ಟಿದವರಿಗೆ ಒಂದು ಪ್ರಶ್ನೆ. ದಾಯಾದಿ ಸತ್ತರೆ ಸೂತಕ ಯಾರಿಗೆ? ಗುಂಡು ಹೊಡೆದವನ ಮನೆಗೂ ಅದೇ ಹತ್ತು ದಿನ. ಒಂದೇ ಗೋತ್ರ, ಒಂದೇ ಮನೆದೇವರು. ಆ ಕಡೆ ಮನೆಯಲ್ಲಿ ವಿಧವೆಯಾದವಳು ಈ ಕಡೆ ಮನೆಯವಳಿಗೆ ವಾರಗಿತ್ತಿ. ಎರಡೂ ಮನೆಯ ಮಕ್ಕಳು ಒಂದೇ ಶಾಲೆಯ ಬಸ್ಸು ಹತ್ತುವವರು. ಇದೆಲ್ಲ ಗೊತ್ತಿರುವವರೇ ಮೊಬೈಲ್ ಹಿಡಿದು "ಸರಿಯಾಗೇ ಮಾಡಿದ" ಅಂತ ಒತ್ತುತ್ತಾರಲ್ಲ, ಅದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ನೋಯಿಸಿತು.

ಹಾಗಾದರೆ ವಿಡಿಯೋದವನಿಗೆ ಗಲ್ಲೇ ಆಗಬೇಕಾ ಅಂತ ಗುಂಪಿನಲ್ಲಿ ಅಣ್ಣನೊಬ್ಬ ಕೇಳಿದ. ಹಾಗೆ ಹೇಳಲು ನಾನ್ಯಾರು? ವಿಡಿಯೋದ ಮೊದಲು ಏನಾಗಿತ್ತು ಅಂತ ಸಾಕ್ಷಿಗಳು ಹೇಳಬೇಕು. ಹಕ್ಕು ನಿಜವಾಗಿ ಹುಟ್ಟಿ, ಅವನು ಒಳ್ಳೆಯ ನಂಬಿಕೆಯಿಂದ ಅದರ ಗೆರೆ ದಾಟಿದ್ದರೆ ಅದು ಕೊಲೆ ಅನ್ನಿಸಿಕೊಳ್ಳುವುದಿಲ್ಲ. ಅದಕ್ಕಿಂತ ಕೆಳಗಿನ ಅಪರಾಧ ಆಗುತ್ತದೆ, ಕಾನೂನು ಅದಕ್ಕೂ ಜಾಗ ಇಟ್ಟಿದೆ. ಆದರೆ ಹಾಗೆ ಅನ್ನಿಸಿಕೊಳ್ಳಲೂ ಹಕ್ಕು ಮೊದಲು ಹುಟ್ಟಿರಬೇಕು. ಸೇಡಿಗೆ ಹೊರಗೆ ಬಂದವನಿಗೆ ಅದೂ ಸಿಗುವುದಿಲ್ಲ.

ಕೊನೆಯದಾಗಿ ಒಂದು ಕೆಲಸದ ಮಾತು. ನಿಮ್ಮ ಬಳಗದಲ್ಲಿ ಬೇಲಿಯ ತಕರಾರೂ ಇದ್ದು ಗೋಡೆಗೆ ಕೋವಿಯೂ ತೂಗುಹಾಕಿರುವ ಮನೆ ಯಾವುದು ಅಂತ ನಿಮಗೆ ಗೊತ್ತು. ತಕರಾರು ತೀರುವವರೆಗೆ ಆ ಕೋವಿಯನ್ನು ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಡಲು ಹೇಳಿ, ರಸೀದಿ ಪಡೆದುಕೊಳ್ಳಲಿ. ಹದ್ದುಬಸ್ತಿನ ಅರ್ಜಿ, ತಹಶೀಲ್ದಾರರಿಗೆ ದೂರು ಬರೆಯಲು ಬರದಿದ್ದರೆ ಪಹಣಿ, ಸರ್ವೇ ನಕ್ಷೆ ತಗೊಂಡು ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಕಳಿಸಿ. ನಾನು ಬರೆದುಕೊಡುತ್ತೇನೆ, ಫೀಸು ಬೇಡ. ಎರಡೂ ಮನೆಯವರು ಒಟ್ಟಿಗೇ ಬಂದರೂ ಸರಿ.